ಉಳಿದ ಅನ್ನ ಯಾರ ತಟ್ಟೆಗೆ?

ಅಕ್ಕಾ, ನಮಸ್ಕಾರ. ನನಗೆ 34 ವರ್ಷ, ಮೈಸೂರಿನಲ್ಲಿದ್ದೇವೆ. ಮಾವ ತೀರಿಕೊಂಡ ಮೇಲೆ, ಎರಡು ವರ್ಷದಿಂದ ಅತ್ತೆ ನಮ್ಮ ಜೊತೆಗಿದ್ದಾರೆ. ಚನ್ನರಾಯಪಟ್ಟಣದ ಕಡೆಯವರು, 68 ವರ್ಷ, ಸಕ್ಕರೆ ಕಾಯಿಲೆ ಇದೆ. ನಾನು ಕೆಲಸಕ್ಕೆ ಹೋಗುವುದರಿಂದ ರಾತ್ರಿ ಅಡುಗೆ ಅವರದೇ. ನಾವು ದೊಡ್ಡವರು ಮೂರು ಜನ, ಆರು ವರ್ಷದ ಮಗಳು ಒಬ್ಬಳು. ಮುದ್ದೆ ಮಾಡಿದ ಮೇಲೂ ಅತ್ತೆ ದಿನಾ ಎರಡು ಪಾವು ಅಕ್ಕಿ ಇಡುತ್ತಾರೆ. ಅರ್ಧಕ್ಕರ್ಧ ಉಳಿಯುತ್ತೆ. ನನ್ನ ಗಂಡ ನಿನ್ನೆಯದನ್ನು ಮುಟ್ಟುವುದಿಲ್ಲ. ವಾರದಲ್ಲಿ ಎರಡು ಮೂರು ದಿನ ಹೊರಗೇ ಊಟ ಮಾಡಿ ಬರುತ್ತಾರೆ, ಮೊದಲೇ ಹೇಳುವುದೂ ಇಲ್ಲ. ಉಳಿದದ್ದನ್ನೆಲ್ಲ ಅತ್ತೆ ಒಬ್ಬರೇ ತಿನ್ನುತ್ತಾರೆ. ಫ್ರಿಜ್ ತುಂಬಾ ಮೂರು ದಿನದ, ನಾಲ್ಕು ದಿನದ ಡಬ್ಬಿಗಳು. ರಾತ್ರಿಯಿಡೀ ಹೊರಗಿದ್ದ ಅನ್ನವನ್ನು ಬೆಳಿಗ್ಗೆ ಬಿಸಿ ಮಾಡಿಕೊಂಡು ತಿಂದು ಎರಡು ಸಲ ವಾಂತಿ ಆಯ್ತು. ಅದಕ್ಕೇ ಅವರು ಏಳುವ ಮೊದಲು ಕವರಿನಲ್ಲಿ ಕಟ್ಟಿ ಕಸದ ಗಾಡಿಗೆ ಹಾಕಲು ಶುರು ಮಾಡಿದೆ. ಹೋದ ತಿಂಗಳು ನೋಡಿಬಿಟ್ಟರು. "ಅನ್ನ ಎಸೆಯೋ ಮನೆ ಉದ್ಧಾರ ಆಗಲ್ಲ" ಅಂತ ಅತ್ತು, ಅವತ್ತು ಊಟ ಬಿಟ್ಟರು. ಈಗ ನಮ್ಮಿಬ್ಬರ ನಡುವೆ ಮಾತೇ ಕಮ್ಮಿ. ಗಂಡ, "ನಿಮ್ಮಿಬ್ಬರ ಮಧ್ಯೆ ನನ್ನ ಎಳೀಬೇಡಿ" ಅಂತಾರೆ. ಎಸೆದರೆ ಪಾಪ ಅನ್ನಿಸುತ್ತೆ. ಎಸೆಯದಿದ್ದರೆ ಅವರ ಆರೋಗ್ಯ ಕೆಡುತ್ತೆ. ಏನು ಮಾಡಲಿ?

ತಂಗೀ,

ನಿಮ್ಮ ಪತ್ರದಲ್ಲಿ "ಉಳಿದದ್ದನ್ನೆಲ್ಲ ಅತ್ತೆ ಒಬ್ಬರೇ ತಿನ್ನುತ್ತಾರೆ" ಅನ್ನುವ ಮಾತು ಬರುತ್ತದಲ್ಲ, ನಾನು ಅಲ್ಲೇ ನಿಂತುಬಿಟ್ಟೆ. ಎಸೆಯಬೇಕೋ ಬೇಡವೋ ಎಂದು ನೀವು ಕೇಳಿದ್ದೀರಿ. ಅದಕ್ಕೂ ಮೊದಲು ನೋಡಬೇಕಾದದ್ದು ಇದು. ನಿಮ್ಮ ಮನೆಯಲ್ಲಿ ನಾಲ್ಕು ತಟ್ಟೆ ಇವೆ, ಹಳೆಯದು ಮಾತ್ರ ಒಂದೇ ತಟ್ಟೆಗೆ ಹೋಗುತ್ತಿದೆ.

ನಮ್ಮಮ್ಮನೂ ಹೀಗೇ ಇದ್ದರು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ಬೆಳಿಗ್ಗೆ ನೀರು ಕುಡಿಯಲು ಅಡುಗೆಮನೆಗೆ ಹೋದೆ. ಅಮ್ಮ ಒಲೆಯ ಪಕ್ಕ ನೆಲದ ಮೇಲೆ ಕೂತು, ಹಿಂದಿನ ರಾತ್ರಿಯ ಅನ್ನಕ್ಕೆ ಮಜ್ಜಿಗೆ ಸುರಿದು, ಈರುಳ್ಳಿ ಕಚ್ಚಿಕೊಂಡು ತಿನ್ನುತ್ತಿದ್ದರು. "ನಂಗೂ ಒಂದು ತುತ್ತು ಕೊಡಮ್ಮ" ಎಂದೆ. ತಟ್ಟೆಯನ್ನು ಆಚೆ ಸರಿಸಿ, "ನಿಂಗ್ಯಾಕೆ ಇದು, ದೋಸೆ ಹಾಕ್ತೀನಿ ತಡಿ" ಎಂದು ಎದ್ದೇ ಬಿಟ್ಟರು. ಅರ್ಧ ತಿಂದ ತಟ್ಟೆ ಹಾಗೇ ಇತ್ತು. ನನಗೆ ದೋಸೆ ಹಾಕಿಕೊಟ್ಟು ಮತ್ತೆ ಕೂತರು. ಆ ತಟ್ಟೆ ಸರಿಸಿದ ಕೈ ಇವತ್ತಿಗೂ ನನ್ನ ಕಣ್ಣ ಮುಂದೆ ಇದೆ. ಹಳೆಯದು ತನಗೆ ಮಾತ್ರ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ತಾವೇ ಹಾಗೆ ಇಟ್ಟುಕೊಂಡಿದ್ದರು. ನಾವು ಯಾರೂ ಬೇಡ ಅನ್ನಲಿಲ್ಲ.

ನಿಮ್ಮ ಅತ್ತೆಯ ಕಡೆಯಿಂದ ಸ್ವಲ್ಪ ನೋಡೋಣ. 1965ರಲ್ಲಿ ದೇಶದಲ್ಲಿ ಕಾಳು ಸಾಲದೆ, ಆಗಿನ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ವಾರಕ್ಕೆ ಒಂದು ಹೊತ್ತಿನ ಊಟ ಬಿಡಿ ಎಂದು ಜನರನ್ನು ಕೇಳಿಕೊಂಡಿದ್ದರು. ಆಗ ನಿಮ್ಮ ಅತ್ತೆ ಇನ್ನೂ ಪುಟ್ಟ ಹುಡುಗಿ. ಆ ಕಾಲದ ಮನೆಗಳಲ್ಲಿ ಬೆಳೆದವರಿಗೆ ಅನ್ನ ಕಸದ ಕವರಿನಲ್ಲಿ ಕಂಡರೆ ಎದೆ ಒಡೆದಂತೆ ಆಗುತ್ತೆ. ಅದು ನಾಟಕವಲ್ಲ, ನಿಮ್ಮ ಮೇಲಿನ ಹಟವೂ ಅಲ್ಲ.

ಹಾಗಾದರೆ ಅಷ್ಟು ಅನ್ನ ಇಡುವುದು ಯಾಕೆ ಅಂತ ಕೇಳುತ್ತೀರಿ. ಅದಕ್ಕೂ ಕಾರಣ ಇದೆ. ಸೌದೆ ಒಲೆ ಆರಿದ ಮೇಲೆ ಯಾರಾದರೂ ಬಂದರೆ, ಮತ್ತೆ ಉರಿ ಹಚ್ಚಿ ಎಸರಿಟ್ಟು ಅನ್ನ ಮಾಡುವುದು ಅಂದರೆ ಗಂಟೆಯ ಕೆಲಸ. ಒಂದು ಪಾವು ಜಾಸ್ತಿ ಇಟ್ಟಿರುವುದೇ ಆಗ ಜಾಣತನ. ರಾತ್ರಿ ಪಾತ್ರೆ ಪೂರ್ತಿ ಬರಿದು ಮಾಡಬಾರದು, ಒಂದು ತುತ್ತಾದರೂ ಇರಬೇಕು ಎಂಬ ನಂಬಿಕೆಯೂ ನಮ್ಮ ಕಡೆ ಎಷ್ಟೋ ಮನೆಗಳಲ್ಲಿದೆ. ಹತ್ತು ಜನಕ್ಕೆ ಮಾಡಿ ಪಳಗಿದ ಕೈ ಅವರದು. ಆ ಕೈಯಿಂದ ನಾಲ್ಕು ಜನರ ಅಳತೆ ತಾನಾಗೇ ಬರುವುದಿಲ್ಲ. ಅದರ ಮೇಲೆ ಮಾವನವರೂ ಇಲ್ಲ. ಅನ್ನ ಕಮ್ಮಿ ಇಡುವುದು ಅಂದರೆ ಮನೆಯಲ್ಲಿ ಒಬ್ಬರು ಕಮ್ಮಿ ಆಗಿದ್ದಾರೆ ಎಂದು ದಿನಾ ಒಪ್ಪಿಕೊಂಡಂತೆ. ಅಲ್ವಾ?

ನಿಮಗೂ ಒಂದು ಮಾತು ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ. ಕದ್ದು ಎಸೆದದ್ದು ತಪ್ಪು. ನಿಮ್ಮ ಕಾಳಜಿ ನಿಜ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಅವರು ರಾತ್ರಿ ಮಾಡಿದ್ದನ್ನು ನೀವು ಬೆಳಗಿನ ಕತ್ತಲಲ್ಲಿ ಕವರಿಗೆ ಕಟ್ಟಿದರೆ, ಅವರಿಗೆ ಕಾಣುವುದು ಕಾಳಜಿ ಅಲ್ಲ. ತನ್ನ ಅಡುಗೆಗೆ ಈ ಮನೆಯಲ್ಲಿ ಬೆಲೆ ಇಲ್ಲ ಅಂತ ಕಾಣುತ್ತೆ. ಇದೊಂದಕ್ಕೆ "ಅತ್ತೆ, ಕದ್ದು ಹಾಕಬಾರದಿತ್ತು, ತಪ್ಪಾಯ್ತು" ಎಂದು ನೇರವಾಗಿ ಹೇಳಿ. ಉದ್ದ ಭಾಷಣ ಬೇಡ. "ನೀವು ಎರಡು ಸಲ ವಾಂತಿ ಮಾಡಿಕೊಂಡಾಗ ನನಗೆ ಭಯ ಆಯ್ತು" ಅನ್ನುವುದನ್ನೂ ಅವರಿಗೆ ಹೇಳಿ. ಅದು ಅವರಿಗೆ ಗೊತ್ತೇ ಇಲ್ಲದಿರಬಹುದು.

ಈಗ ಪಾವಿನ ವಿಷಯಕ್ಕೆ ಬರೋಣ, ಕೆಲಸ ಇರುವುದೇ ಅಲ್ಲಿ. ಒಂದು ಪಾವು ಅಕ್ಕಿ ಅಂದರೆ ಹೆಚ್ಚುಕಡಿಮೆ 200 ಗ್ರಾಂ. ಬೆಂದ ಮೇಲೆ ತೂಕ ಎರಡೂವರೆಯಿಂದ ಮೂರು ಪಟ್ಟು ಆಗುತ್ತೆ. ಎರಡು ಪಾವು ಇಟ್ಟರೆ ಒಂದು ಕಿಲೋ ದಾಟಿದ ಅನ್ನ. ಮುದ್ದೆ ಉಂಡ ಮೇಲೆ ಅಷ್ಟು ಅನ್ನ ಯಾರಿಗೆ ಬೇಕು ಹೇಳಿ? ನಿಮ್ಮ ಮನೆಗೆ ಒಂದು ಪಾವು ಧಾರಾಳ. ಗಂಡ ಬರದ ದಿನ ಮುಕ್ಕಾಲು ಪಾವು ಸಾಕು. ಆದರೆ ಪಾವನ್ನು ಅವರ ಕೈಯಿಂದ ಕಿತ್ತುಕೊಳ್ಳಬೇಡಿ. ಅರ್ಧ ಪಾವಿನ ಸಣ್ಣ ಅಳತೆಯೊಂದನ್ನು ತಂದು ಅವರ ಕೈಗೇ ಕೊಡಿ. "ಸಾಲದೆ ಬಂದರೆ ಕುಕ್ಕರಿನಲ್ಲಿ ಕಾಲು ಗಂಟೆಯಲ್ಲಿ ನಾನೇ ಇಡ್ತೀನಿ, ಅವಲಕ್ಕಿಯೂ ಇದೆ, ನೀವು ಹೆದರಬೇಡಿ" ಎಂದು ಹೇಳಿ. ಒಂದೆರಡು ದಿನ ನಿಜವಾಗಿಯೂ ಸಾಲದೆ ಬರಲಿ, ನೀವು ನಗುನಗುತ್ತಾ ಎದ್ದು ಇಡಿ. ಪಾತ್ರೆ ಖಾಲಿಯಾದರೂ ಯಾರೂ ಹಸಿದು ಮಲಗಲಿಲ್ಲ ಎಂದು ಅವರ ಕಣ್ಣಾರೆ ಕಾಣಬೇಕು. ಒಂದು ತುತ್ತು ಉಳಿಸುವ ಪದ್ಧತಿ ಇದ್ದರೆ ಇರಲಿ. ಒಂದು ತುತ್ತಿನಿಂದ ಯಾರ ಮನೆಯೂ ಮುಳುಗಲ್ಲ.

ಇದು ನಿಮ್ಮೊಬ್ಬರ ಮನೆಯ ಕಥೆಯೂ ಅಲ್ಲ. ವಿಶ್ವಸಂಸ್ಥೆಯ ಪರಿಸರ ವಿಭಾಗ 2024ರಲ್ಲಿ ಹೊರತಂದ ವರದಿಯ ಪ್ರಕಾರ, ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ ಸುಮಾರು 55 ಕಿಲೋ ಆಹಾರ ಕಸಕ್ಕೆ ಹೋಗುತ್ತೆ. ಸಿಪ್ಪೆ, ಮೂಳೆ ಎಲ್ಲ ಸೇರಿದ ಲೆಕ್ಕ ಅದು. ನಾಲ್ಕು ಜನರ ಮನೆ ಅಂದರೆ 220 ಕಿಲೋ. ಹೋಟೆಲು, ಮದುವೆ ಮನೆಗಳನ್ನು ನಾವು ಬೈಯುತ್ತೇವೆ. ಆದರೆ ಜಗತ್ತಿನಲ್ಲಿ ಹೀಗೆ ಹೋಗುವ ಆಹಾರದಲ್ಲಿ ಸುಮಾರು ನೂರಕ್ಕೆ 60 ಪಾಲು ಮನೆಗಳಿಂದಲೇ ಅಂತ ಅದೇ ವರದಿ ಹೇಳುತ್ತೆ.

ನಿಮ್ಮ ಗಂಡನ ವಿಷಯ. ಅವರು ಈ ಜಗಳದ ಹೊರಗಿಲ್ಲ. ಅವರೇ ನಡುಮಧ್ಯೆ ಇದ್ದಾರೆ. ಊಟಕ್ಕೆ ಬರುತ್ತಾರೆ ಅಂತ ಇಟ್ಟ ಅನ್ನ ಅವರು ಬರದೆ ಉಳಿಯುತ್ತೆ. ಉಳಿದದ್ದನ್ನು ಅವರು ಮುಟ್ಟುವುದಿಲ್ಲ. ಅವರ ಪಾಲಿನದನ್ನು ಸಕ್ಕರೆ ಕಾಯಿಲೆಯ ತಾಯಿ ಮಾರನೇ ದಿನ ತಿನ್ನುತ್ತಾರೆ. ಈ ಮೂರು ಮಾತನ್ನು ಒಂದಾದ ಮೇಲೊಂದು, ಕೋಪ ಇಲ್ಲದೆ ಅವರ ಮುಂದೆ ಇಡಿ. ಅಥವಾ ಈ ಉತ್ತರವನ್ನೇ ಓದಲು ಕೊಡಿ. ಸಂಜೆ ಆರಕ್ಕೆ ಅಮ್ಮನಿಗೆ ಒಂದು ಫೋನ್: "ಅಮ್ಮ, ಇವತ್ತು ಊಟಕ್ಕೆ ಬರ್ತೀನಿ" ಇಲ್ಲವೇ "ಬರಲ್ಲ". ಇಷ್ಟು ಮಾಡಲು ಏನು ಕಷ್ಟ? ನಿಮಗಲ್ಲ, ಅಮ್ಮನಿಗೇ ಮಾಡಲಿ. ಮಗನ ಫೋನ್ ಬರುತ್ತೆ ಅನ್ನುವುದೇ ಅವರಿಗೆ ಒಂದು ಖುಷಿ.

ಇನ್ನು ಮೇಲೆ ಮನೆಯಲ್ಲಿ ಒಂದೇ ನಿಯಮ ಇರಲಿ. ಹಳೆಯದು ಇದ್ದರೆ ನಾಲ್ಕು ತಟ್ಟೆಗೂ ಸ್ವಲ್ಪ ಸ್ವಲ್ಪ. ಮಗಳಿಗೆ ಕೊಡಲು ನಿಮಗೆ ಮನಸ್ಸಾಗದಷ್ಟು ಹಳತಾಗಿದ್ದರೆ ಅದು ಅತ್ತೆಗೂ ಬೇಡ.

ಆ ವಾಂತಿಯ ಬಗ್ಗೆ ಬಿಡಿಸಿ ಹೇಳುತ್ತೇನೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರುತ್ತವೆ. ಅನ್ನ ಬೇಯುವಾಗಲೂ ಅವು ಸಾಯುವುದಿಲ್ಲ. ಬೆಂದ ಅನ್ನ ಬೆಚ್ಚಗೆ ಹೊರಗೇ ಉಳಿದರೆ ಅವು ಮೊಳೆತು ಬೆಳೆಯುತ್ತವೆ, ಒಂದು ಬಗೆಯ ವಿಷ ಬಿಡುತ್ತವೆ. ಆ ವಿಷ ಎಷ್ಟು ಬಿಸಿ ಮಾಡಿದರೂ ಹೋಗುವುದಿಲ್ಲ. "ಚೆನ್ನಾಗಿ ಬಿಸಿ ಮಾಡಿದ್ದೀನಲ್ಲ" ಎಂದು ಅತ್ತೆ ನಂಬಿರುವುದು ಇಲ್ಲಿ ಕೈಕೊಡುತ್ತೆ. ತಿಂದ ಕೆಲವೇ ಗಂಟೆಯಲ್ಲಿ ವಾಂತಿ ಶುರುವಾಗುತ್ತೆ. ನಿಮ್ಮ ಅತ್ತೆಗೆ ಆದದ್ದು ಇದೇ ಅಂತ ನಾನು ಹೇಳಲಾರೆ. ವಯಸ್ಸು, ಸಕ್ಕರೆ ಎರಡೂ ಇರುವುದರಿಂದ ಒಮ್ಮೆ ಡಾಕ್ಟರಿಗೆ ತೋರಿಸಿ, ಎರಡು ಸಲ ಆಗಿದ್ದನ್ನೂ ಹೇಳಿ. ಉಳಿಯಬಾರದು ಅಂತ ಬಲವಂತವಾಗಿ ಜಾಸ್ತಿ ಅನ್ನ ತಿನ್ನುವುದು ಅವರ ಸಕ್ಕರೆಗೂ ಒಳ್ಳೆಯದಲ್ಲ. ಅದನ್ನು ಡಾಕ್ಟರ್ ಬಾಯಿಂದಲೇ ಹೇಳಿಸಿ.

"ನಾವು ತಂಗಳು ತಿಂದೇ ಬೆಳೆದಿಲ್ವಾ" ಎಂದು ಅತ್ತೆ ಕೇಳಬಹುದು. ಬೆಳೆದಿದ್ದಾರೆ, ಸುಳ್ಳಲ್ಲ. ಆದರೆ ಅದು ಒಂದು ರಾತ್ರಿಯ ಲೆಕ್ಕ. ನೀರೋ ಮಜ್ಜಿಗೆಯೋ ಹಾಕಿಟ್ಟು, ಬೆಳಿಗ್ಗೆ ಉಂಡು ಮುಗಿಸುತ್ತಿದ್ದರು. ಫ್ರಿಜ್ಜಿನ ಮೂಲೆಯ ನಾಲ್ಕು ದಿನದ ಡಬ್ಬಿಗೂ ಅದಕ್ಕೂ ಹೋಲಿಕೆ ಇಲ್ಲ. ತಂಗಳು ಅವರಿಗೆ ಇಷ್ಟವಾದರೆ ರಾತ್ರಿಯೇ ಅನ್ನಕ್ಕೆ ಮೊಸರು ಕಲಸಿ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಸಾಸಿವೆ, ಇಂಗಿನ ಒಗ್ಗರಣೆ ಕೊಟ್ಟು ಎಲ್ಲರೂ ಎರಡೆರಡು ತುತ್ತು ತಿನ್ನಿ.

ಊಟ ಮುಗಿದ ಕೂಡಲೇ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ. ಹಬೆ ಆರಿದರೆ ಸಾಕು, ಎರಡು ಗಂಟೆಯೊಳಗೆ ಫ್ರಿಜ್ ಸೇರಲಿ. ಫ್ರಿಜ್ 5 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗಿರಬೇಕು. ಡಬ್ಬಿಗಳನ್ನು ಒತ್ತೊತ್ತಾಗಿ ತುಂಬಿದರೆ ತಂಪು ಸರಿಯಾಗಿ ಓಡಾಡುವುದಿಲ್ಲ. ಅನ್ನ ಮಾರನೇ ದಿನವೇ ಮುಗಿಯಲಿ. ಹುಳಿ, ಪಲ್ಯ ಎರಡು ದಿನ. ಕಾಯಿ ರುಬ್ಬಿ ಹಾಕಿದ್ದು ಬೇಗ ಕೆಡುತ್ತೆ, ಅದನ್ನು ಮೊದಲು ತೆಗೆಯಿರಿ. ಬೇಕಾದಷ್ಟನ್ನೇ ತೆಗೆದು ಒಂದೇ ಸಲ ಚೆನ್ನಾಗಿ ಕುದಿಸಿ. ಸ್ಟೀಲ್ ಡಬ್ಬಿಯೊಳಗೆ ಏನಿದೆ ಅಂತ ಮುಚ್ಚಳ ತೆಗೆಯುವ ತನಕ ಗೊತ್ತಾಗಲ್ಲ, ಮರೆತೇ ಹೋಗುತ್ತೆ. ಉಳಿದದ್ದಕ್ಕೆ ಎರಡು ಗಾಜಿನ ಡಬ್ಬಿ ಇಟ್ಟುಕೊಳ್ಳಿ, ಕಣ್ಣಿಗೆ ನೇರವಾಗಿ ಕಾಣುವ ಶೆಲ್ಫಿನಲ್ಲಿ. ಎರಡೂ ತುಂಬಿದ್ದರೆ ಅವತ್ತು ಹೊಸ ಸಾರು ಇಲ್ಲ.

ಅಷ್ಟಾದರೂ ಕೆಟ್ಟುಹೋದದ್ದನ್ನು ಹಸುವಿಗೆ ಹಾಕೋಣ ಅಂತ ಅತ್ತೆ ಹೇಳಿದರೆ ಬೇಡ ಅನ್ನಿ. ಅನ್ನ ಜಾಸ್ತಿ ತಿಂದರೆ ದನಕ್ಕೆ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ ಪ್ರಾಣಕ್ಕೇ ಕುತ್ತು ಬರುತ್ತೆ. ಕವರಿನ ಸಮೇತ ಇಟ್ಟರಂತೂ ಇನ್ನೂ ಕಷ್ಟ. ಒಣ ಎಲೆ ತುಂಬಿದ ಮಡಕೆಯಲ್ಲಿ ಹಾಕಿ ಗೊಬ್ಬರ ಮಾಡಿ. ಗಿಡಕ್ಕೆ ಹೋಯ್ತು ಅಂದರೆ ಅವರ ಮನಸ್ಸಿಗೂ ಸಮಾಧಾನ.

ಕೊನೆಗೆ ಮಾತು ಮುರಿದಿರುವ ವಿಷಯ. ಇದಕ್ಕೆ ನನ್ನ ಹತ್ತಿರ ಒಂದೇ ದಾರಿ ಇದೆ, ಅದು ಅನ್ನದ ರೊಟ್ಟಿ. ಚನ್ನರಾಯಪಟ್ಟಣದ ಕಡೆಯವರು ಅಂದಿರಲ್ಲ, ಅವರ ಕೈಗೆ ರೊಟ್ಟಿ ತಟ್ಟುವುದು ಬಾರದೆ ಇರುವುದಿಲ್ಲ. ಒಂದು ಶನಿವಾರ ರಾತ್ರಿ ಉಳಿದ ಅನ್ನವನ್ನು ಡಬ್ಬಿಗೆ ಹಾಕುವಾಗ, "ಅತ್ತೆ, ನಾಳೆ ಇದರಲ್ಲಿ ರೊಟ್ಟಿ ತಟ್ಟೋದು ನಂಗೆ ಹೇಳಿಕೊಡಿ" ಎಂದು ಕೇಳಿ. ಅನ್ನವನ್ನು ಅಂಗೈ ಬುಡದಿಂದ ಚೆನ್ನಾಗಿ ನಾದಬೇಕು, ಒಂದು ಅಗುಳೂ ಕೈಗೆ ಸಿಗಬಾರದು. ಆಮೇಲೆ ಅಕ್ಕಿ ಹಿಟ್ಟು, ಸಣ್ಣಗೆ ಹೆಚ್ಚಿದ ಈರುಳ್ಳಿ, ಸಬ್ಬಸಿಗೆ ಸೊಪ್ಪು, ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು. ಉಳಿದ ಕೋಸಿನ ಪಲ್ಯ ಇದ್ದರೆ ಅದನ್ನೂ ಸೇರಿಸಿ. ನೀರು ನೋಡಿಕೊಂಡು ಹಾಕಿ, ಅನ್ನದಲ್ಲೇ ತೇವ ಇರುತ್ತೆ. ಬಾಳೆಲೆಗೆ ಎಣ್ಣೆ ಸವರಿ ತಟ್ಟಿ, ಕಾದ ಕಾವಲಿಗೆ ಬೋರಲು ಹಾಕಿ ಎಲೆ ಎತ್ತುವುದು. ಬರೀ ಹಿಟ್ಟಿನ ರೊಟ್ಟಿಗಿಂತ ಇದು ಮೆತ್ತಗೆ, ಆರಿದರೂ ಗಟ್ಟಿಯಾಗಲ್ಲ, ಭಾನುವಾರ ರಾತ್ರಿಯ ಅನ್ನ ಉಳಿದರೆ ಸೋಮವಾರ ಮಗಳ ಡಬ್ಬಿಗೂ ಹೀಗೇ ತಟ್ಟಿ ಹಾಕಬಹುದು. ಜೊತೆಗೆ ಹೀರೆಕಾಯಿ ಸಿಪ್ಪೆಯ ಚಟ್ನಿ ಇದ್ದರಂತೂ ಮುಗಿದೇ ಹೋಯ್ತು. ಉಳಿದ ಹುಳಿಯನ್ನು ಗೋಧಿ ಹಿಟ್ಟಿಗೆ ಕಲಸಿ ಚಪಾತಿ ಲಟ್ಟಿಸುವುದು, ಇಡ್ಲಿಯನ್ನು ಪುಡಿ ಮಾಡಿ ಉಪ್ಪಿಟ್ಟು ಮಾಡುವುದು, ಹುಳಿ ಬಂದ ದೋಸೆ ಹಿಟ್ಟಿನಲ್ಲಿ ಪಡ್ಡು ಹಾಕುವುದು ಎಲ್ಲ ಒಂದೊಂದೇ ಅವರಿಂದ ಕೇಳಿ ಕಲಿಯಿರಿ. ನಿಮಗೆ ಗೊತ್ತಿದ್ದರೂ ಕೇಳಿ.

ಮೊದಲ ಎರಡು ರೊಟ್ಟಿ ಅವರು ತಟ್ಟಲಿ. ಮೂರನೆಯದನ್ನು ನೀವು ತಟ್ಟಿ, ಅವರನ್ನು ಎಬ್ಬಿಸಿ ಮಗಳ ಪಕ್ಕ ಕೂರಿಸಿ. ಕಾವಲಿಯಿಂದ ತೆಗೆದದ್ದು ತೆಗೆದ ಹಾಗೆ ಬಿಸಿಬಿಸಿಯಾಗಿ, ತುಪ್ಪ ಸವರಿ, ಅವರ ತಟ್ಟೆಗೆ ಬೀಳಲಿ. ಬಡಿಸುವ ಕೆಲಸ ನಿಮ್ಮ ಗಂಡನದು.