ಅಗ್ಗದ ಮಲ್ಟಿಮೀಟರ್‌ಗಳನ್ನು ವೈರ್ ಸಮೇತ ಇಟ್ಟುಕೊಳ್ಳಬಹುದಾ, ಗುಜರಿಗೆ ಹಾಕಬೇಕಾ?

ನಾಲ್ಕು ಹಳದಿ ಮೀಟರ್, ನಾಲ್ಕು ಜೊತೆ ಕೆಂಪು-ಕಪ್ಪು ವೈರ್, ಎಲ್ಲ ಒಂದೇ ಡ್ರಾಯರ್‌ನಲ್ಲಿ. ನಿಮ್ಮ ಪ್ರಶ್ನೆ ಓದಿದಾಗ ನಮ್ಮ ಮನೆಯ ಡ್ರಾಯರ್ ಎಳೆದ ಹಾಗಾಯಿತು. ನನ್ನ ಹತ್ತಿರ ಮೂರು ಇದ್ದವು, ಅಷ್ಟೇ ವ್ಯತ್ಯಾಸ.

ಮೊದಲನೆಯದನ್ನು 2011ರಲ್ಲಿ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ 150 ರೂಪಾಯಿಗೆ ತಗೊಂಡಿದ್ದೆ. ಎಲ್ಲರಿಗೂ ಗೊತ್ತಿರುವ ಅದೇ ಡಿಟಿ830ಡಿ ಮಾಡೆಲ್. ನಡುವೆ ದೊಡ್ಡ ಡಯಲ್, ಕೆಳಗೆ ಮೂರು ತೂತು, ಒಳಗೆ 9 ವೋಲ್ಟ್ ಬ್ಯಾಟರಿ. ಐದು ವರ್ಷ ಚೆನ್ನಾಗಿಯೇ ಕೆಲಸ ಮಾಡಿತು. ರೇಡಿಯೋ, ಮಿಕ್ಸಿ, ಅಡಾಪ್ಟರ್, ಬೈಕ್ ಬ್ಯಾಟರಿ ಎಲ್ಲ ನೋಡಿದೆ. ಕೆಲಸ ಮುಗಿದ ಮೇಲೆ ವೈರನ್ನು ಮೀಟರಿಗೇ ಬಿಗಿಯಾಗಿ ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಿ ಬ್ಯಾಗಿಗೆ ಹಾಕುತ್ತಿದ್ದೆ. ನೀವೂ ಹಾಗೇ ಮಾಡ್ತೀರಿ ಅಲ್ವಾ? ಎಲ್ಲರೂ ಮಾಡ್ತಾರೆ.

2016ರ ಮಾರ್ಚ್. ಚನ್ನಗಿರಿ ಕಡೆ ಅಕ್ಕನ ಮನೆಗೆ ಹೋಗಿದ್ದೆ. ಅಡಿಕೆ ತೋಟಕ್ಕೆ ನೀರು ಬಿಡಬೇಕು, ಬೋರ್‌ವೆಲ್ ಮೋಟಾರ್ ಹತ್ತು ನಿಮಿಷ ಓಡಿ ಟ್ರಿಪ್ ಆಗುತ್ತಿದೆ. "ಬಾರಪ್ಪ, ನೀನೇ ಒಂದು ಸಲ ನೋಡು, ಲೈನ್‌ಮನ್ ಸಂಜೆಗೆ ಬರ್ತಾನಂತೆ" ಅಂದರು ಭಾವ. ನನಗೂ ಮೀಟರ್ ತೋರಿಸುವ ಹುಮ್ಮಸ್ಸು. ಹೊರಡುವ ಮೊದಲು ಅಕ್ಕನ ಮನೆಯ ಪ್ಲಗ್ಗಿನಲ್ಲಿ ನೋಡಿದೆ, 228 ವೋಲ್ಟ್ ತೋರಿಸಿತು. ಮೀಟರ್ ಸರಿ ಇದೆ ಅಂತ ವೈರ್ ಸುತ್ತಿ ಜೇಬಿಗೆ ಹಾಕಿಕೊಂಡೆ.

ಪಂಪ್‌ಹೌಸ್‌ನಲ್ಲಿ ಸ್ಟಾರ್ಟರ್ ಬಾಗಿಲು ತೆಗೆದರೆ ಕಾರಣ ಕಣ್ಣೆದುರೇ ಇತ್ತು. ಒಳಗೆ ಬರುವ ಮೂರು ಲೈನ್‌ಗಳಲ್ಲಿ ಒಂದರ ನಟ್ ಸಡಿಲವಾಗಿ, ಲಗ್ (ವೈರ್ ತುದಿಯ ಲೋಹದ ಬಿಲ್ಲೆ) ಸುಟ್ಟು ಕಪ್ಪಾಗಿತ್ತು. ನಟ್ ಬಿಗಿ ಮಾಡಿದರೆ ಆಯಿತು. ಕಬ್ಬಿಣದ ಪೆಟ್ಟಿಗೆಯ ಹಳೇ ಮೇನ್ ಸ್ವಿಚ್ಚಿನ ಹಿಡಿ ಕೆಳಗೆಳೆದೆ. ಆಮೇಲೆ ಮೀಟರನ್ನು 750 ವೋಲ್ಟ್ ಎಸಿಗೆ ಇಟ್ಟು, ಕಪ್ಪು ಪ್ರೋಬ್ (ವೈರಿನ ತುದಿಯ ಚೂಪು ಕಡ್ಡಿ) ಅರ್ತಿಂಗ್ ಬೋಲ್ಟಿಗೆ, ಕೆಂಪು ಒಂದೊಂದು ಟರ್ಮಿನಲ್ಲಿಗೆ. ಸೊನ್ನೆ. ಸೊನ್ನೆ. ಸೊನ್ನೆ.

ಪ್ರೋಬ್ ಪೇಂಟ್ ಮೇಲೆ ಇಟ್ಟಿರ್ತೀಯ, ಅದಕ್ಕೇ ಸೊನ್ನೆ ಅಂತ ಹೇಳಬೇಡಿ. ಬೋಲ್ಟನ್ನು ಕೆರೆದು ಇಟ್ಟಿದ್ದೆ. ರೇಂಜ್ ತಪ್ಪಿರಲಿಲ್ಲ. ಕೆಂಪು ವೈರ್ 10 ಆಂಪ್ ತೂತಿನಲ್ಲೂ ಇರಲಿಲ್ಲ.

ಬಲಗೈಯಲ್ಲಿ ಸ್ಪ್ಯಾನರ್, ಎಡಗೈ ಪೆಟ್ಟಿಗೆಯ ಅಂಚಿನ ಮೇಲೆ. ಸುಟ್ಟಿದ್ದ ನಟ್ ಬಿಗಿ ಮಾಡಿದೆ, ಏನೂ ಆಗಲಿಲ್ಲ. ಬಂದಿದ್ದೀನಲ್ಲ, ಉಳಿದೆರಡನ್ನೂ ಬಿಗಿ ಮಾಡೋಣ ಅಂತ ಕೈ ಹಾಕಿದೆ. ಮೂರನೆಯದರಲ್ಲಿ ಕರೆಂಟ್ ಇತ್ತು. ಒಂದು ಕೈಯಿಂದ ಇನ್ನೊಂದು ಕೈಗೆ, ಎದೆಯ ಮೂಲಕ. ಕೂಗೋಕೂ ಆಗಲಿಲ್ಲ. ಹೇಗೋ ಕೈ ಬಿಟ್ಟುಕೊಂಡು ಹಿಂದಕ್ಕೆ ಬಿದ್ದೆ, ಮೊಣಕೈ ಗೋಡೆಗೆ ಬಡಿದು ಮೂಳೆ ಬಿರುಕು ಬಿಟ್ಟಿತು. ಐದು ವಾರ ಪಟ್ಟಿ. ಭಾವನ ಅಂಗಿ ಜೇಬಿನಲ್ಲಿ ಆಗಲೂ ಒಂದು ಟೆಸ್ಟರ್ ಇತ್ತು. ಡಿಜಿಟಲ್ ಮೀಟರ್ ಇರುವಾಗ ಅದೆಲ್ಲ ಯಾಕೆ ಅಂತ ನಾನೇ ಬೇಡ ಅಂದಿದ್ದೆ.

ಆಗಿದ್ದು ಏನು ಅಂದರೆ, ಮೇನ್ ಸ್ವಿಚ್ಚಿನ ಮೂರು ಬ್ಲೇಡ್‌ಗಳಲ್ಲಿ ಒಂದು ಸುಟ್ಟು ಅಂಟಿಕೊಂಡಿತ್ತು. ಹಿಡಿ ಕೆಳಗೆ ಬಂದರೂ ಅದು ಬಿಟ್ಟಿರಲಿಲ್ಲ. ಅದನ್ನು ಕಂಡುಹಿಡಿಯುವುದೇ ಮೀಟರಿನ ಕೆಲಸ. ನಾನು ಕಂಡ ಮೂರು ಸೊನ್ನೆಗಳಲ್ಲಿ ಎರಡು ನಿಜ, ಒಂದು ಸುಳ್ಳು.

ಕೈಗೆ ಪಟ್ಟಿ ಹಾಕಿಕೊಂಡು ಕೂತಾಗ ಬೇರೆ ಕೆಲಸ ಇರಲಿಲ್ಲ. ಎರಡು ಪ್ರೋಬ್‌ಗಳ ತುದಿ ಮುಟ್ಟಿಸಿ, ವೈರ್ ತುಂಡಾಗಿಲ್ಲದಿದ್ದರೆ ಬರುವ ಬೀಪ್ ನೋಡಿದೆ. ಬಂತು. ಕಪ್ಪು ವೈರನ್ನು ಪ್ರೋಬಿನ ಹಿಡಿಯ ಕುತ್ತಿಗೆ ಹತ್ತಿರ ಸ್ವಲ್ಪ ಬಗ್ಗಿಸಿದೆ. ನಿಂತಿತು. ನೆಟ್ಟಗೆ ಮಾಡಿದೆ, ಮತ್ತೆ ಬಂತು. ಬ್ಲೇಡಿನಿಂದ ಸಿಪ್ಪೆ ಸೀಳಿದರೆ ಒಳಗೆ ಕೂದಲಿನಂಥ ಎಂಟೋ ಹತ್ತೋ ಎಳೆ, ಎಲ್ಲ ತುಂಡಾಗಿ ತುದಿಗೆ ತುದಿ ತಾಗಿಕೊಂಡಿದ್ದವು. ಹೊರಗಿನ ರಬ್ಬರಿಗೆ ಒಂದು ಗೀರೂ ಇಲ್ಲ. ಮನೆಯ ಪ್ಲಗ್ಗಿನಲ್ಲಿ ನೋಡಿದಾಗ ವೈರ್ ನೆಟ್ಟಗಿತ್ತು. ಪಂಪ್‌ಹೌಸ್‌ನಲ್ಲಿ ಅರ್ತಿಂಗ್ ಬೋಲ್ಟ್ ಮೂಲೆಯಲ್ಲಿದ್ದಿದ್ದರಿಂದ ವೈರ್ ಬಗ್ಗಿತ್ತು. ಐದು ವರ್ಷ ಮೀಟರಿಗೆ ಸುತ್ತಿ ಸುತ್ತಿ ನಾನೇ ಅದನ್ನು ಮುರಿದಿದ್ದೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಮ್ಯಾಗ್ನೆಟ್ ತಂದು ಹಿಡಿದರೆ ಎಳೆಗಳು ಹೋಗಿ ಅಂಟಿಕೊಂಡವು. ತಾಮ್ರ ಬರೀ ಮೇಲೆ, ಒಳಗೆ ಕಬ್ಬಿಣ.

ಈಗ ನನ್ನ ತಪ್ಪನ್ನು ಸರಿಯಾಗಿ ಹೇಳ್ತೀನಿ, ಯಾಕೆಂದರೆ ಜನ ಅದನ್ನು "ಅಗ್ಗದ ಮೀಟರ್ ನಂಬಿದ" ಅಂತ ಅಂದುಕೊಳ್ತಾರೆ. ಅದಲ್ಲ. ನಾನು ಸೊನ್ನೆಯನ್ನು ನಂಬಿದೆ. ಓಮ್ (ರೆಸಿಸ್ಟೆನ್ಸ್) ನೋಡುವಾಗ ವೈರ್ ಮುರಿದಿದ್ದರೆ ಸ್ಕ್ರೀನ್ ಎಡಗಡೆ ಬರೀ 1 ಬರುತ್ತದೆ, ಏನೋ ಎಡವಟ್ಟಾಗಿದೆ ಅಂತ ಗೊತ್ತಾಗುತ್ತದೆ. ವೋಲ್ಟ್ ನೋಡುವಾಗ ವೈರ್ ಮುರಿದಿದ್ದರೆ ಸೊನ್ನೆ ಬರುತ್ತದೆ. ಕರೆಂಟ್ ಇಲ್ಲದಿದ್ದರೂ ಅದೇ ಸೊನ್ನೆ. ಎರಡಕ್ಕೂ ಮುಖ ಒಂದೇ. ಹಾಗಾಗಿ ಮೇನ್ ಎಳೆಯುವ ಮೊದಲು ಅದೇ ಜಾಗದಲ್ಲಿ, ಅದೇ ಬೋಲ್ಟಿಗೆ ಪ್ರೋಬ್ ಇಟ್ಟು, ಕರೆಂಟ್ ತೋರಿಸುತ್ತದಾ ಅಂತ ನೋಡಬೇಕಿತ್ತು. ಮೇನ್ ಎಳೆದು ಸೊನ್ನೆ ನೋಡಿದ ಮೇಲೆ, ಕರೆಂಟ್ ಇರುವ ಇನ್ನೊಂದು ಕಡೆ ಮತ್ತೆ ನೋಡಬೇಕಿತ್ತು. ಅರ್ಧ ಕಿಲೋಮೀಟರ್ ದೂರದ ಮನೆಯಲ್ಲಿ, ಅರ್ಧ ಗಂಟೆ ಮೊದಲು ನೋಡಿದ್ದು ಲೆಕ್ಕಕ್ಕಿಲ್ಲ. ನಡುವೆ ವೈರನ್ನು ಸುತ್ತಿ ಬಿಚ್ಚಿದ್ದೀನಲ್ಲ!

ಆದ್ದರಿಂದ "ಇಟ್ಟುಕೊಳ್ಳಲಾ, ಗುಜರಿಗೆ ಹಾಕಲಾ" ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ಮೀಟರ್ ಬೇರೆ, ವೈರ್ ಬೇರೆ. ನಾಲ್ಕು ಜೊತೆ ವೈರನ್ನೂ ಇವತ್ತೇ ಎಸೆಯಿರಿ. ಚೆನ್ನಾಗಿ ಕಾಣ್ತಿವೆ ಅನ್ನೋದು ಬೇಡ, ನನ್ನದೂ ಚೆನ್ನಾಗಿಯೇ ಕಾಣ್ತಿತ್ತು. ಪ್ರೋಬ್ ಮೇಲೆ "1000 ವೋಲ್ಟ್, ಕ್ಯಾಟ್ 3" ಅಂತ ಅಚ್ಚು ಹಾಕಿರ್ತಾರೆ, ಕ್ಯಾಟ್ ಅಂದರೆ ಎಂಥ ಜಾಗದಲ್ಲಿ ಬಳಸಿದರೆ ಸುರಕ್ಷಿತ ಅನ್ನುವ ದರ್ಜೆ. ಅಚ್ಚು ಹಾಕೋಕೆ ದುಡ್ಡೇನು ಬೇಕು? ಸಿಲಿಕಾನ್ ಸಿಪ್ಪೆಯ ಮೆತ್ತನೆ ವೈರ್ ತಗೊಳ್ಳಿ, ಸೋಲ್ಡರಿಂಗ್ ಐರನ್ ತಾಗಿದರೂ ಕರಗೋದಿಲ್ಲ. ಮೀಟರಿಗಿಂತ ವೈರಿಗೇ ಜಾಸ್ತಿ ಬೀಳುತ್ತದೆ. ಮೂಗಿಗಿಂತ ಮೂಗುತಿ ಭಾರ ಅಂತ ನಗಲಿ ಬಿಡಿ. ತಂದ ದಿನವೇ 200 ಓಮ್ ರೇಂಜಿನಲ್ಲಿ ತುದಿಗಳನ್ನು ಒತ್ತಿ ಹಿಡಿದು ವೈರ್ ಅಲ್ಲಾಡಿಸಿ. 0.2, 0.3ರ ಹತ್ತಿರ ನಿಂತಿರಬೇಕು. ಕುಣಿದರೆ ವಾಪಸ್ ಕೊಡಿ.

ಮೀಟರ್‌ಗಳಲ್ಲಿ ಎರಡು ಇಟ್ಟುಕೊಳ್ಳಿ, ಸಾಕು. ಬ್ಯಾಟರಿ, ಚಾರ್ಜರ್ ಔಟ್‌ಪುಟ್, ಎಲ್‌ಇಡಿ ಪಟ್ಟಿ, ಸಣ್ಣ ಸೋಲಾರ್ ಪ್ಯಾನೆಲ್, ಇಂಥದ್ದಕ್ಕೆ ಇವು ಬಂಗಾರ. ಒಳಗಿನ ಬ್ಯಾಟರಿ ಇಳಿದಾಗ ಮಾತ್ರ ಜಾಸ್ತಿ ವೋಲ್ಟ್ ತೋರಿಸ್ತವೆ, ನೆನಪಿರಲಿ. ನಿಲ್ಲಿಸಿದ ಬೈಕಿನ ಬ್ಯಾಟರಿ 14 ತೋರಿಸಿದರೆ ಬೈಕಿನದು ಚೆನ್ನಾಗಿದೆ ಅಂತ ಖುಷಿಪಡಬೇಡಿ, ಮೀಟರಿನದು ಬದಲಾಯಿಸಿ.

ಒಳ್ಳೆ ವೈರ್ ಹಾಕಿದ ಮೇಲೆ ಇದೇ ಮೀಟರಿನಲ್ಲಿ ಮನೆ ಕರೆಂಟ್ ನೋಡಬಹುದಲ್ಲ ಅಂತ ಕೆಲವರು ಹೇಳ್ತಾರೆ. ನಾನು ಒಪ್ಪಲ್ಲ. 10 ಆಂಪ್ ತೂತಿನ ಪಕ್ಕ "ಅನ್‌ಫ್ಯೂಸ್ಡ್", ಅಂದರೆ ಫ್ಯೂಸ್ ಇಲ್ಲ, ಅಂತ ತಯಾರಿಸಿದವರೇ ಬರೆದಿದ್ದಾರೆ. ಕೆಂಪು ವೈರನ್ನು ಅಲ್ಲೇ ಮರೆತು ಪ್ಲಗ್ಗಿಗೆ ಇಟ್ಟರೆ ಅದು ನೇರ ಶಾರ್ಟ್. ಆ ತೂತಿಗೆ ನಾನು ಎಂ-ಸೀಲ್ ಮೆತ್ತಿಬಿಟ್ಟಿದ್ದೀನಿ. ಡಿಸ್ಟ್ರಿಬ್ಯೂಷನ್ ಬೋರ್ಡ್, ಮೋಟಾರ್ ಸ್ಟಾರ್ಟರ್ ಅಂದರೆ ನಿಜವಾದ ಕ್ಯಾಟ್ 3 ಮೀಟರ್ ಬೇಕು. ಅಲ್ಲಿ ಫೇಸ್‌ನಿಂದ ಫೇಸ್‌ಗೆ 415 ವೋಲ್ಟ್ ಇರುವುದಷ್ಟೇ ಅಲ್ಲ, ಮೋಟಾರ್ ಆಫ್ ಆದಾಗ, ಲೈನಿನಲ್ಲಿ ಸಿಡಿಲಿನ ಹೊಡೆತ ಬಂದಾಗ ಒಂದು ಕ್ಷಣ ಸಾವಿರಾರು ವೋಲ್ಟ್ ಏರಬಹುದು. ಅದನ್ನು ತಡೆಯುವುದು ಈ ಹಳದಿ ಡಬ್ಬಿಯ ಕೈಲಿ ಆಗೋದಿಲ್ಲ. ಆ ಮೀಟರಿಗೆ ದುಡ್ಡಿಲ್ಲವಾ, ಎಲೆಕ್ಟ್ರಿಷಿಯನ್ ಕರೆಸಿ.

ಇನ್ನೊಂದು. ವೈರ್ ಎಸೆಯುವಾಗ ನಾಲ್ಕು ತುಂಡು ಮಾಡಿ ಎಸೆಯಿರಿ. ನನ್ನದರಲ್ಲಿ ಸೀಳಿದ ಜಾಗಕ್ಕೆ ಟೇಪ್ ಸುತ್ತಿ ಸುಮ್ನೆ ಕಸದ ಬುಟ್ಟಿಗೆ ಹಾಕಿದ್ದೆ. ಮುಂದಿನ ಸಲ ಅಕ್ಕನ ಮನೆಗೆ ಹೋದಾಗ ನೋಡ್ತೀನಿ, ಭಾವ ಹೊಸದೊಂದು ಹಳದಿ ಮೀಟರ್ ತಂದಿದ್ದಾರೆ, ಅದಕ್ಕೆ ನನ್ನ ಕಪ್ಪು ವೈರ್ ಸಿಕ್ಕಿಸಿಕೊಂಡಿದ್ದಾರೆ. "ಚೆನ್ನಾಗೇ ಇತ್ತಲ್ಲಪ್ಪ, ಯಾಕೆ ಬಿಸಾಕಿದ್ದೆ?" ಅಂದರು.