ಕೆರೆ ತುಂಬಿದ ಮೇಲೆ ಬಾವಿ ನೀರಿಗೆ ವಾಸನೆ

ಕೋಲಾರದ ನಿಮ್ಮ ಕೆರೆಗೆ ಕೆ.ಸಿ. ವ್ಯಾಲಿ ನೀರು ಬಂದ ಮೇಲೆ ದಡದ ಬಾವಿ ನೀರು ವಾಸನೆ ಬರುತ್ತಿದೆ, ಯಾರಿಗೆ ದೂರು ಕೊಡಬೇಕು ಅಂತ ಕೇಳಿದ್ದೀರಿ. ಊರಿನ ಚರಂಡಿಯೇ ಕೆರೆಗೆ ಸೇರುತ್ತಿರಬೇಕು. ನಮ್ಮೂರಲ್ಲಿ ಆಗಿದ್ದು ಅದೇ. ಪೈಪಿನಲ್ಲಿ ಬರುವ ಕೆ.ಸಿ. ವ್ಯಾಲಿ ನೀರಿನ ಪಾಲೂ ಇರಬಹುದು. ಅದು ಬೆಂಗಳೂರಿನ ಕೊಳಚೆ ನೀರು, ಎರಡನೇ ಹಂತದವರೆಗೆ ಮಾತ್ರ ಶುದ್ಧ ಮಾಡಿ 2018ರಿಂದ ಬಿಡುತ್ತಿದ್ದಾರೆ. ಅಂತರ್ಜಲ ಹೆಚ್ಚಿಸಲು ಬಿಡುವ ನೀರು ಅದು, ಕುಡಿಯಲು ಅಲ್ಲ.

ಮೊದಲು ಆ ಬಾವಿ ನೀರು ಕುಡಿಯುವುದನ್ನು ನಿಲ್ಲಿಸಿ. ಕುದಿಸಿದರೆ ರೋಗಾಣು ಸಾಯುತ್ತವೆ, ಆದರೆ ಕೊಳಚೆಯಿಂದ ನೀರಿಗೆ ಸೇರುವ ನೈಟ್ರೇಟ್ ಎಂಬ ಲವಣ ಹೋಗುವುದಿಲ್ಲ. ಮಗುವಿಗೆ ಹಾಲು ಕಲಸಲಂತೂ ಬೇಡವೇ ಬೇಡ.

ಆಮೇಲೆ ಬೆಳಗ್ಗೆ ಏಳು ಗಂಟೆ ಹೊತ್ತಿಗೆ, ಚರಂಡಿ ಎಲ್ಲಿ ಸೇರುತ್ತಿದೆ ಅಂತ ನೋಡುತ್ತಾ ಕೆರೆ ಸುತ್ತ ನಡೆಯಿರಿ. ಬಟ್ಟೆ, ಪಾತ್ರೆ ತೊಳೆಯುವ ಹೊತ್ತು ಅದು. ನಮ್ಮಲ್ಲಿ ಜೊಂಡಿನ ಮರೆಯಲ್ಲಿ ಬೂದು ಬಣ್ಣದ ನೀರು ಸೋಪಿನ ನೊರೆ ಸಮೇತ ಇಳಿಯುತ್ತಿತ್ತು, ಮಧ್ಯಾಹ್ನ ಹೋದರೆ ಬರೀ ಕೆಸರು. ಫೋಟೋ ತೆಗೆಯಿರಿ.

ನೀರಿನ ಪರೀಕ್ಷೆ ಜಿಲ್ಲಾ ಪ್ರಯೋಗಾಲಯದಲ್ಲಿ ಮಾಡಿಸಿ. ಬ್ಯಾಕ್ಟೀರಿಯಾಗೆ ಅವರೇ ಕೊಡುವ ಶುದ್ಧ ಬಾಟಲಿ ಬೇಕು, ಐಸ್‌ನಲ್ಲಿಟ್ಟು ಅದೇ ದಿನ ತಲುಪಿಸಿ. ನೈಟ್ರೇಟ್ ಲೀಟರಿಗೆ 45 ಮಿ.ಗ್ರಾಂ ದಾಟಬಾರದು. ಮಲದಿಂದ ಬರುವ ಇ-ಕೋಲಿ ಬ್ಯಾಕ್ಟೀರಿಯಾ ಇರಲೇಬಾರದು. ಫ್ಲೋರೈಡೂ ನೋಡಿಸಿ, ನಮ್ಮ ಕಡೆ ಅದು ಹಳೇ ಕಾಟ ಅಲ್ವಾ.

ವರದಿ, ಫೋಟೋ ಲಗತ್ತಿಸಿ ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ದೂರು ಬರೆಯಿರಿ. ಪ್ರತಿಗಳನ್ನು ಜಿಲ್ಲಾ ಪಂಚಾಯಿತಿ ಸಿಇಒಗೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಕೋಲಾರ ಕಚೇರಿಗೆ ಕೊಡಿ. ಸುಮ್ನೆ ಬಾಯಲ್ಲಿ ಹೇಳಿ ಬರಬೇಡಿ, ಸೀಲು ಹಾಕಿದ ಸ್ವೀಕೃತಿ ತಗೊಳ್ಳಿ. ತಿಂಗಳಾದರೂ ಉತ್ತರ ಇಲ್ಲದಿದ್ದರೆ 10 ರೂಪಾಯಿ ಕಟ್ಟಿ, ದೂರಿನ ಮೇಲೆ ಏನು ಕ್ರಮ ಆಯಿತು ಅಂತ ಆರ್‌ಟಿಐ ಹಾಕಿ.