ಆಭಾ ನಂಬರ್ ಮೆಲ್ಬರ್ನ್‌ನಲ್ಲಿ ನಡೆಯುತ್ತದೆಯೇ?

ಪ್ರಶ್ನೆ: ಅಮ್ಮನಿಗೆ 68 ವರ್ಷ, ಸಕ್ಕರೆ ಕಾಯಿಲೆ, ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಕಾಫಿ ಕುಯಿಲು ಮುಗಿದ ಮೇಲೆ ಮೆಲ್ಬರ್ನ್‌ನಲ್ಲಿರುವ ತಂಗಿಯ ಮನೆಗೆ ಹೊರಟಿದ್ದಾರೆ. ಆಭಾ ನಂಬರ್ (ಸರ್ಕಾರದ ಡಿಜಿಟಲ್ ಆರೋಗ್ಯ ಗುರುತಿನ ಸಂಖ್ಯೆ) ಕೊಟ್ಟರೆ ಅಲ್ಲಿನ ಡಾಕ್ಟರಿಗೆ ಇಲ್ಲಿನ ರಿಪೋರ್ಟ್ ಕಾಣುತ್ತದೆಯೇ? (ವಿರಾಜಪೇಟೆ)

ಉತ್ತರ: ಕಾಣುವುದಿಲ್ಲ. ಆಭಾದ 14 ಅಂಕಿ ನಡೆಯುವುದು ನಮ್ಮ ದೇಶದ ಜಾಲದೊಳಗೆ ಮಾತ್ರ. 2018ರಲ್ಲಿ ಹುಟ್ಟಿದ, ಡಿಜಿಟಲ್ ಆರೋಗ್ಯಕ್ಕಾಗಿ ಹಲವು ದೇಶಗಳು ಕೂಡಿದ ಗ್ಲೋಬಲ್ ಡಿಜಿಟಲ್ ಹೆಲ್ತ್ ಪಾರ್ಟ್‌ನರ್‌ಶಿಪ್‌ನಲ್ಲಿ ಭಾರತವೂ ಇದೆ, ಆಸ್ಟ್ರೇಲಿಯಾವೂ ಇದೆ. 2023ರ ಆಗಸ್ಟ್‌ನಲ್ಲಿ ಗಾಂಧಿನಗರದ ಜಿ20 ಸಭೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಉಸ್ತುವಾರಿಯ ಇನ್ನೊಂದು ವೇದಿಕೆಗೂ ಚಾಲನೆ ಸಿಕ್ಕಿತು. ಇವುಗಳ ಕೆಲಸ ನೀತಿ, ಮಾನದಂಡಗಳನ್ನು ಹೊಂದಿಸುವುದು. ಒಬ್ಬ ರೋಗಿಯ ಫೈಲು ಗಡಿ ದಾಟಬೇಕಾದರೆ ಎರಡೂ ದೇಶಗಳ ಕಾನೂನು, ರೋಗಿಯ ಗುರುತು, ಒಪ್ಪಿಗೆ ಪಡೆಯುವ ಕ್ರಮ ಒಂದಕ್ಕೊಂದು ಕೂಡಬೇಕು.

ಅಲ್ಲಿಯವರೆಗೆ ಕಾಗದವೇ ಗತಿ, ಆದರೆ ಸರಿಯಾದ ಕಾಗದ. ಗಡಿಯಾಚೆ ಓದಲೆಂದೇ ರೂಪಿಸಿದ ಇಂಟರ್‌ನ್ಯಾಷನಲ್ ಪೇಷಂಟ್ ಸಮ್ಮರಿಯಲ್ಲಿ ಮೂರು ಭಾಗ ಕಡ್ಡಾಯ: ಈಗಿರುವ ಕಾಯಿಲೆಗಳು, ಅಲರ್ಜಿ, ಔಷಧಿ. ಅದೇ ಮಾದರಿಯಲ್ಲಿ ಇಂಗ್ಲಿಷಿನಲ್ಲಿ ಒಂದು ಪುಟ ಬರೆದುಕೊಡಲು ನಿಮ್ಮ ಡಾಕ್ಟರನ್ನು ಕೇಳಿ. ಮಾತ್ರೆಗೆ ಬ್ರ್ಯಾಂಡ್ ಹೆಸರಲ್ಲ, ಮೂಲ ಔಷಧಿಯ ಹೆಸರು ಮತ್ತು ಮಿಲಿಗ್ರಾಂ ಇರಲಿ. ಅಲರ್ಜಿ ಇಲ್ಲದಿದ್ದರೆ 'ಇಲ್ಲ' ಎಂದೇ ಬರೆಸಿ. ಖಾಲಿ ಜಾಗ ನೋಡಿದವರಿಗೆ ಕೇಳಲು ಮರೆತರೋ ಏನೋ ತಿಳಿಯುವುದಿಲ್ಲ.

ಸಕ್ಕರೆ ಅಂಶವನ್ನು ಅಲ್ಲಿ ಮಿಲಿಮೋಲ್‌ನಲ್ಲಿ ಅಳೆಯುತ್ತಾರೆ. ನಮ್ಮ ಮಿಲಿಗ್ರಾಂ ಅಂಕಿಯನ್ನು 18ರಿಂದ ಭಾಗಿಸಿ: 126 ಅಲ್ಲಿ 7, 180 ಅಲ್ಲಿ 10. ಗ್ಲುಕೋಮೀಟರ್‌ನಲ್ಲಿ 10 ಎಂದು ಕಂಡು, ತೀರಾ ಕಡಿಮೆಯಾಯಿತೆಂದು ಗಾಬರಿಯಾಗಿ ಸಕ್ಕರೆ ತಿನ್ನಿಸಬೇಡಿ.

ಇದಕ್ಕಿಂತ ಅಪಾಯದ್ದು ಸಿರಿಂಜ್. ನಮ್ಮ ಇನ್ಸುಲಿನ್ ಬಾಟಲಿಗಳಲ್ಲಿ ಮಿಲಿಲೀಟರಿಗೆ 40 ಯೂನಿಟ್ ಇರುವುದು ಸಾಮಾನ್ಯ; ಅಲ್ಲಿ 100. ಇಲ್ಲಿಂದ ಒಯ್ದ 40ರ ಸಿರಿಂಜಿನಲ್ಲಿ ಅಲ್ಲಿನ ಇನ್ಸುಲಿನ್ ಎಳೆದರೆ 20ರ ಗೆರೆಗೆ ಬರುವುದು ಅರ್ಧ ಮಿಲಿಲೀಟರ್, ಅಂದರೆ 50 ಯೂನಿಟ್. ಎರಡೂವರೆ ಪಟ್ಟು! ಹಳೆಯ ಸಿರಿಂಜ್ ಅಲ್ಲಿನ ಬಾಟಲಿಯ ಹತ್ತಿರವೂ ಬರಬಾರದು. ಚೀಟಿಯಲ್ಲಿ ಡೋಸ್ ಯೂನಿಟ್‌ನಲ್ಲೇ ಇರಲಿ, ಮಿಲಿಲೀಟರಿನಲ್ಲಿ ಬೇಡ.

ಪ್ರಶ್ನೆ: ನಮ್ಮದು ಸಣ್ಣ ಲ್ಯಾಬ್. ರಿಪೋರ್ಟಿಗೆ ಅಂತರರಾಷ್ಟ್ರೀಯ ಸಂಕೇತ ಸೇರಿಸಲು ಪರವಾನಗಿ ಶುಲ್ಕ ಕಟ್ಟಬೇಕೇ? (ಕುಶಾಲನಗರ)

ಉತ್ತರ: ಬೇಡ. ಪರೀಕ್ಷೆಗಳ ಸಂಕೇತವಾದ ಲಾಯಿಂಕ್ ಎಲ್ಲರಿಗೂ ಉಚಿತ. ಕಾಯಿಲೆ, ಲಕ್ಷಣಗಳ ಸಂಕೇತವಾದ ಸ್ನೋಮೆಡ್ ಸಿಟಿಗೆ ಭಾರತ 2014ರಿಂದ ಸದಸ್ಯ ದೇಶವಾದ್ದರಿಂದ ಇಲ್ಲಿ ಬಳಸಲು ಶುಲ್ಕವಿಲ್ಲ. ಸಾಫ್ಟ್‌ವೇರ್‌ನವರು ಜೋಡಿಸುವ ಕೂಲಿ ಕೇಳಿದರೆ ಅದು ಬೇರೆ ಲೆಕ್ಕ.

ದಿನಾ ಮಾಡುವ ಮೂವತ್ತು ಪರೀಕ್ಷೆಗಳಿಂದ ಶುರುಮಾಡಿ. ಎಡವುವುದು ಇಲ್ಲಿ: ರಕ್ತದ ಸೀರಂ ಅಥವಾ ಪ್ಲಾಸ್ಮಾದ ಸಕ್ಕರೆಯನ್ನು ಮಿಲಿಗ್ರಾಂನಲ್ಲಿ ಕೊಟ್ಟರೆ ಸಂಕೇತ 2345-7, ಮಿಲಿಮೋಲ್‌ನಲ್ಲಿ ಕೊಟ್ಟರೆ 14749-6. ಒಂದರ ಬದಲು ಇನ್ನೊಂದು ಹಾಕಿದರೆ ಆಚೆ ಬದಿಯ ಕಂಪ್ಯೂಟರ್ ಸರಿಯಾದ ಅಂಕಿಯನ್ನೇ ತಪ್ಪಾಗಿ ಓದುತ್ತದೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಮಾತ್ರ ಕಳಿಸಿದರೆ ಡಾಕ್ಟರ್ ಕಣ್ಣಿಗೆ ಕಾಣುತ್ತದೆ, ಕಂಪ್ಯೂಟರಿಗೆ ಅದು ಬರಿಯ ಚಿತ್ರ.

ಪ್ರಶ್ನೆ: ಆಧಾರ್‌ನಲ್ಲಿ ಮನೆ ಹೆಸರು ಮೊದಲು, ಪಾಸ್‌ಪೋರ್ಟ್‌ನಲ್ಲಿ ಕೊನೆಗೆ. ತೊಂದರೆಯೇ? (ಮಡಿಕೇರಿ)

ಉತ್ತರ: ಹೌದು, ಒಬ್ಬರದೇ ದಾಖಲೆ ಇಬ್ಬರದಾಗಬಹುದು. ವಿದೇಶಕ್ಕೆ ಒಯ್ಯುವ ಪ್ರತಿ ಕಾಗದದಲ್ಲೂ ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಹೆಸರು ಬರೆಸಿ. ಜೊತೆಗೆ 'ವಯಸ್ಸು 68' ಎಂಬುದರ ಬದಲು ಪೂರ್ತಿ ಹುಟ್ಟಿದ ದಿನಾಂಕ ಇರಲಿ. ಹೆಸರು ಹಿಂದುಮುಂದಾದರೂ ಅದರಿಂದ ಗುರುತು ಸಿಗುತ್ತದೆ.